ನಾವು ಕಡೆದ ಕಲ್ಲು, ನಮಗೇ ಟಿಕೆಟ್ಟು

ನಮ್ಮ ಮೇಲೊಂದು ಆರೋಪ ಬಂದಿದೆ. ಹೊರಗಿನವರಿಂದಲ್ಲ, ನಮ್ಮ ಹುಡುಗರಿಂದಲೇ. 'ಬೆಂಗಳೂರು ನೋಡೋಕೆ ಹೋಗಿದ್ರಂತೆ, ಅರಮನೆ, ಗಾಜಿನಮನೆ, ವಿಧಾನಸೌಧ ಎಲ್ಲಾ ಸುತ್ಕೊಂಡು ಬಂದ್ರಂತೆ. ಚಳವಳಿ ಮಾಡೋರಿಗೆ ಇದೆಲ್ಲ ಯಾಕೆ ಬೇಕು?' ಎಂದು ಕೇಳಿದ್ದಾರೆ. ಇವೆಲ್ಲ ಆಳುವವರ ಸೊಗಸು, ಇವುಗಳ ಮುಂದೆ ಬಾಯಿಬಿಟ್ಟುಕೊಂಡು ನಿಲ್ಲುವುದು ಗುಲಾಮರ ಲಕ್ಷಣ ಎನ್ನುವುದು ಅವರ ವಾದ. ಹುಡುಗರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆ ವಯಸ್ಸಿನಲ್ಲಿ ನಾವೂ ಹಾಗೇ ಮಾತಾಡುತ್ತಿದ್ದೆವು. ಆದರೆ ವಾದವನ್ನು ಒಪ್ಪುವುದಿಲ್ಲ. ಆ ಸೊಗಸು ಆಳುವವರದ್ದು ಅಂತ ಬರೆದುಕೊಟ್ಟವರು ಯಾರು? ನಾವೇ ಬರೆದುಕೊಟ್ಟರೆ ಅವರಿಗೆ ಇನ್ನೇನು ಬೇಕು?

ನಾವು ಅಂದರೆ ಮಾಗಡಿ ಕಡೆಯ ಒಂದು ಹಳ್ಳಿಯ ಇಬ್ಬರು ಶಾಲಾ ಮೇಷ್ಟ್ರು, ಇಬ್ಬರು ಕಾಲೇಜು ಹುಡುಗರು, ಒಬ್ಬ ಅಂಗನವಾಡಿ ಅಕ್ಕ, ಏಳು ಎಂಟನೇ ಕ್ಲಾಸಿನ ಹತ್ತೊಂಬತ್ತು ಮಕ್ಕಳು, ಮತ್ತೆ ಭೋವಿ ಕಾಲೊನಿಯ ಒಬ್ಬ ತಾತ. ತಾತನಿಗೆ ಎಂಬತ್ತರ ಹತ್ತಿರ. ಬದುಕಿಡೀ ಕಲ್ಲು ಒಡೆದ ಮನುಷ್ಯ. ಬಲಗೈಯ ಎರಡು ಬೆರಳು ಪೂರ್ತಿ ಮಡಿಚುವುದಿಲ್ಲ. ಪ್ರವಾಸದ ಸುದ್ದಿ ಕೇಳಿ ತಾನೇ ಶಾಲೆಗೆ ಬಂದು, 'ಮೇಷ್ಟ್ರೇ, ನಾನೂ ಬತ್ತೀನಿ. ನಮ್ಮಪ್ಪ ಕಡದಿರೋ ಕಲ್ಲು ಅಲ್ಲೈತೆ, ಒಂದ್ಸಲ ಮುಟ್ಬೇಕು' ಅಂದ. ಆ ಮಾತಿಗೆ ನಮ್ಮ ಪ್ರವಾಸದ ಗುರಿಯೇ ಬದಲಾಗಿಹೋಯಿತು. ಭಾನುವಾರ ಬೆಳಗಿನ ಜಾವದ ಬಸ್ಸು ಹತ್ತಿದೆವು. ಹೆಣ್ಣುಮಕ್ಕಳಿಗೆ 2023ರಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲವಲ್ಲ, ಅರ್ಧ ಖರ್ಚು ಅಲ್ಲೇ ಉಳಿಯಿತು.

ಮೊದಲು ಲಾಲ್‌ಬಾಗು. ಗಾಜಿನಮನೆಗೆ ಅಡಿಗಲ್ಲು ಇಟ್ಟದ್ದು 1889ರ ನವೆಂಬರ್ 30ರಂದು, ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಎರಕದ ಕಬ್ಬಿಣ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂತು. ಚೆನ್ನಾಗಿದೆ, ನೋಡಬೇಕಾದ್ದೇ. ಈ ಮನೆಯೊಳಗೆ 2024ರ ಆಗಸ್ಟಿನಲ್ಲಿ ಬಾಬಾಸಾಹೇಬರ ಬದುಕನ್ನೇ ಹೂವಿನಲ್ಲಿ ಕಟ್ಟಿ ತೋರಿಸಿದರು, ಲಕ್ಷಾಂತರ ಜನ ಸಾಲು ನಿಂತು ನೋಡಿದರು. ಹೂವು ಹತ್ತು ದಿನಕ್ಕೆ ಬಾಡುತ್ತದೆ, ಆ ಮಾತು ಇರಲಿ. ತಾತ ಗಾಜಿನಮನೆಯ ಕಡೆ ತಿರುಗಿಯೂ ನೋಡದೆ ಆಚೆಯ ಬಂಡೆ ಹತ್ತಿ ಕೂತುಬಿಟ್ಟ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ತಾತ ಅಂಗೈಯಲ್ಲಿ ತಟ್ಟಿ, 'ಒಳ್ಳೆ ಕಲ್ಲು, ಒಡೀಲಿಲ್ವಲ್ಲ, ಪುಣ್ಯ' ಅಂದ. ಕಲ್ಲು ಒಡೆಯುವವನ ಬಾಯಲ್ಲಿ ಆ ಮಾತು!

ಅಲ್ಲಿಂದ ಅರಮನೆ. ಟಿಕೆಟ್ಟಿನ ದರ ನಮ್ಮ ಕೈಲಾಗುವಂತಿರಲಿಲ್ಲ, ಹೊರಗಿನಿಂದಲೇ ಗೋಪುರ ತೋರಿಸಿದೆವು. ಒಳಗೆ ಹೋಗದೆಯೂ ಹೇಳಬೇಕಾದ ಕತೆ ಬಹಳವಿತ್ತು. ಈ ಜಾಗವನ್ನು 1873ರಲ್ಲಿ ಗ್ಯಾರೆಟ್ ಎಂಬ ಪಾದ್ರಿಯಿಂದ, ಆಗಿನ್ನೂ ಬಾಲಕನಾಗಿದ್ದ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ, ಬ್ರಿಟಿಷ್ ಪಾಲಕರು 40,000 ರೂಪಾಯಿಗೆ ಕೊಂಡರು. ಇಂಗ್ಲೆಂಡಿನ ಕೋಟೆಮನೆಗಳ ಮಾದರಿಯಲ್ಲಿ ಅರಮನೆ ಕಟ್ಟುವ ಕೆಲಸ 1874ರಲ್ಲಿ ಶುರುವಾಗಿ 1878ರ ಹೊತ್ತಿಗೆ ಮುಗಿಯಿತು. ಮೇಷ್ಟ್ರುಗಳಾದ ನಾವು ಈ ಇಸವಿಗಳ ಪಕ್ಕದಲ್ಲಿ ಇನ್ನೊಂದು ಇಸವಿ ಬರೆದು ಮಕ್ಕಳಿಗೆ ತೋರಿಸಬೇಕು. 1876ರಿಂದ 1878ರವರೆಗೆ ಇದೇ ಮೈಸೂರು ಸೀಮೆಯಲ್ಲಿ ಮಹಾ ಬರಗಾಲ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50 ಲಕ್ಷ; ಹತ್ತು ವರ್ಷದ ಮೇಲೆ ಎಣಿಸಿದಾಗ 42 ಲಕ್ಷ. ಹುಟ್ಟಬೇಕಾದವರನ್ನು ಬಿಡಿ, ಇದ್ದವರಲ್ಲೇ ಎಂಟು ಲಕ್ಷ ಕಡಿಮೆ. ಯಾರು ಸತ್ತರು? ಹಗೇವಿನಲ್ಲಿ ರಾಗಿ ಇದ್ದವರು ಸಾಯಲಿಲ್ಲ. ಹೊಲವಿಲ್ಲದವರು, ಕೂಲಿ ನಂಬಿದವರು, ಕೇರಿಯವರು ಸತ್ತರು. ಬದುಕಿದವರು ಬರದ ಕಾಮಗಾರಿಯಲ್ಲಿ ಜಲ್ಲಿ ಒಡೆದರು. ಆ ಹೊತ್ತಿನಲ್ಲೇ ಇಲ್ಲಿ ಕೆತ್ತನೆಯ ಮರ ಏರುತ್ತಿತ್ತು, ಬಣ್ಣದ ಗಾಜು ಕೂರುತ್ತಿತ್ತು. ಅರಮನೆ ಕಟ್ಟಿಸಿದ್ದರಿಂದ ಬರ ಬಂತು ಎಂದು ನಾವು ಹೇಳುತ್ತಿಲ್ಲ, ಅಷ್ಟು ದಡ್ಡರಲ್ಲ. ಎರಡೂ ಒಂದೇ ಪುಟದಲ್ಲಿ ಇರಬೇಕಾದ ಸಂಗತಿ, ಪಾಠದ ಪುಸ್ತಕದಲ್ಲಿ ಮಾತ್ರ ಬೇರೆ ಬೇರೆ ಪುಟದಲ್ಲಿರುತ್ತವೆ ಎನ್ನುತ್ತಿದ್ದೇವೆ.

ಅರಮನೆಯ ಕತೆ ಅಲ್ಲಿಗೇ ಮುಗಿಯಲಿಲ್ಲ. ಸುತ್ತಲಿನ 472 ಎಕರೆಯನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುತ್ತದೆ ಎಂದು 1996ರಲ್ಲಿ ಕಾನೂನು ಬಂತು. ರಾಜಮನೆತನದವರು ಕೋರ್ಟಿಗೆ ಹೋದರು. ರಸ್ತೆ ಅಗಲ ಮಾಡಲು ಬೇಕಾದ ಹದಿನೈದು ಎಕರೆ ಚಿಲ್ಲರೆ ಜಾಗಕ್ಕೆ ಸುಮಾರು 3,000 ಕೋಟಿ ರೂಪಾಯಿ ಬೆಲೆಯ ಅಭಿವೃದ್ಧಿ ಹಕ್ಕಿನ ಪತ್ರ ಕೊಡಬೇಕು ಎನ್ನುವಲ್ಲಿಗೆ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮುಟ್ಟಿತು, ಅದನ್ನು ತಪ್ಪಿಸಲು 2025ರ ಜನವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಯಾರದು ಸರಿ ಯಾರದು ತಪ್ಪು ವಕೀಲರು ಹೇಳಲಿ. ನಮ್ಮ ಕಾಲೊನಿಯಲ್ಲಿ ಒಂದು ಮನೆಯಿದೆ. ಬಂಡೆ ಪಕ್ಕದ ಎರಡು ಎಕರೆ ಬಗರ್‌ಹುಕುಂ ಉಳುಮೆಗೆ ಅಪ್ಪ ನಮೂನೆ 50ರಲ್ಲಿ ಅರ್ಜಿ ಹಾಕಿದ. ಮಗ ನಮೂನೆ 53ರಲ್ಲಿ ಹಾಕಿದ. ಮೊಮ್ಮಗ ನಮೂನೆ 57ರಲ್ಲಿ ಹಾಕಿದ್ದಾನೆ. ನಮೂನೆಯ ನಂಬರು ಬೆಳೆಯುತ್ತಿದೆ, ಹೊಲ ಹಾಗೇ ಇದೆ. ಆ ಹುಡುಗನ ಹೆಸರಿಗೆ ಯಾವ ಸುಗ್ರೀವಾಜ್ಞೆ ಬರುತ್ತದೆ? ಸುಗ್ರೀವನೂ ಇಲ್ಲ, ಆಜ್ಞೆಯೂ ಇಲ್ಲ.

ಮಧ್ಯಾಹ್ನ ವಿಧಾನಸೌಧಕ್ಕೆ ಬಂದೆವು. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

2025ರ ಜೂನಿನಿಂದ ಸರ್ಕಾರ ಇಲ್ಲಿ ಸಾರ್ವಜನಿಕರಿಗೆ ಮಾರ್ಗದರ್ಶಿಗಳ ಜೊತೆ ಪ್ರವಾಸ ಶುರು ಮಾಡಿದೆ. ರಜೆಯ ದಿನ, ಮೊದಲೇ ಹೆಸರು ನೋಂದಾಯಿಸಿ, ಗುರುತಿನ ಚೀಟಿ ತೋರಿಸಿ ಒಳಗೆ ಹೋಗಬಹುದು. ದೊಡ್ಡವರಿಗೆ 50 ರೂಪಾಯಿ, ಶಾಲಾ ಮಕ್ಕಳಿಗೆ ಇಲ್ಲ. ಒಳ್ಳೆಯ ಕೆಲಸವೇ. ನಮ್ಮನ್ನು ಕರೆದುಕೊಂಡು ಹೋದ ಹೆಣ್ಣುಮಗಳು ನಗುಮುಖದವಳು, ಮಕ್ಕಳ ಮೇಲೆ ಅಕ್ಕರೆ ಇದ್ದವಳು. ಅವಳ ಮೇಲೆ ನಮ್ಮ ತಕರಾರಿಲ್ಲ. ನಮ್ಮ ತಕರಾರಿರುವುದು ಈ ಕಟ್ಟಡದ ಬಗ್ಗೆ ಎಪ್ಪತ್ತು ವರ್ಷದಿಂದ ಪುಸ್ತಕ, ಫಲಕ, ಭಾಷಣ ಎಲ್ಲವೂ ಹೇಳಿಕೊಂಡು ಬಂದ ಕತೆಯ ಮೇಲೆ.

ಆ ಕತೆ ನಿಮಗೂ ಗೊತ್ತು. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟರು. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಹಳೆಯ ನಕ್ಷೆ ಬಿಟ್ಟು ದೊಡ್ಡದಾಗಿ ಯೋಚಿಸಿದರು. ನಿಮ್ಮ ಊರಿನಲ್ಲಿ ಎಲ್ಲಾ ಯೂರೋಪಿನ ಕಟ್ಟಡಗಳೇ ಇವೆಯಲ್ಲ ಎಂದು ರಷ್ಯಾದಿಂದ ಬಂದವರು ಚುಚ್ಚಿದರಂತೆ, ಅದಕ್ಕೆ ಇದು ಉತ್ತರವಂತೆ. ಎಂಜಿನಿಯರು ಬಿ.ಆರ್. ಮಾಣಿಕಂ. ಉದ್ದ 700 ಅಡಿ, ಅಗಲ 350 ಅಡಿ. ಮಲ್ಲಸಂದ್ರ, ಹೆಸರಘಟ್ಟದ ಕಡೆಯ ಬಿಳಿಗಲ್ಲು, ಅಲಂಕಾರಕ್ಕೆ ಮಾಗಡಿಯ ಕೆಂಪು ಛಾಯೆಯ ಕಲ್ಲು, ತುರುವೇಕೆರೆಯ ಕರಿಗಲ್ಲು. ಮಂತ್ರಿಮಂಡಲದ ಕೋಣೆಗೆ ಗಂಧದ ಮರದ ಬಾಗಿಲು. 1956ರಲ್ಲಿ ಮುಗಿಯಿತು. ಖರ್ಚು ಒಂದೂಮುಕ್ಕಾಲು ಕೋಟಿಯವರೆಗೆ ಹೋಯಿತು, ಅದರ ಮೇಲೆ ವಿಚಾರಣೆಯೂ ನಡೆಯಿತು, ಹನುಮಂತಯ್ಯನವರ ಕುರ್ಚಿಯೂ ಹೋಯಿತು. ಎದುರಿಗಿರುವ ಅಠಾರಾ ಕಚೇರಿ 1868ರಲ್ಲಿ ಮುಗಿದ ಇಂಗ್ಲಿಷರ ಕೆಂಪು ಕಟ್ಟಡ. ಅದಕ್ಕಿಂತ ಪ್ರಜೆಗಳ ಮನೆ ಎತ್ತರ ಇರಲಿ ಎಂಬ ಹಟದಲ್ಲಿ ಒಂದು ಸ್ವಾಭಿಮಾನ ಇತ್ತು. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಇಷ್ಟು ಹೆಸರು ಹೇಳಿದ ಕತೆಯಲ್ಲಿ ಕೆಲಸ ಮಾಡಿದವರ ಹೆಸರು ಎಲ್ಲಿ? ಅಲ್ಲಿ ಕತೆ ಲೆಕ್ಕಕ್ಕೆ ಇಳಿಯುತ್ತದೆ. ಸುಮಾರು 5,000 ಕೂಲಿಯಾಳುಗಳು, ಅವರಲ್ಲಿ ಜೈಲಿನ ಕೈದಿಗಳು. ಸುಮಾರು 1,500 ಮಂದಿ ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು. ಅಷ್ಟೆ. ಮುಖ್ಯಮಂತ್ರಿಗೆ ಹೆಸರಿದೆ, ಎಂಜಿನಿಯರಿಗೆ ಹೆಸರಿದೆ, ಕಲ್ಲಿಗೂ ಊರಿನ ಹೆಸರಿದೆ. ಕಲ್ಲನ್ನು ಹೊತ್ತವನಿಗೆ ಮಾತ್ರ ಸಂಖ್ಯೆ.

ತಾತ ಒಂದು ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಮಕ್ಕಳು ಸುತ್ತ ಕೂತರು. ಆಮೇಲೆ ನಡೆದದ್ದು ನಮ್ಮ ಮೂವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಕೇಳಿದ ಅತ್ಯುತ್ತಮ ಪಾಠ. ಕಲ್ಲು ಹೇಗೆ ಎಬ್ಬಿಸುತ್ತಾರೆ ಅಂತ ತಾತ ಹೇಳಿದ. ಬಂಡೆಯ ಮೇಲೆ ಸೌದೆ ಸಾಲಾಗಿ ಒಟ್ಟಿ ಬೆಂಕಿ ಹಾಕುವುದು. ಬೆಂಕಿಯನ್ನು ಒಂದೇ ಕಡೆ ಬಿಡಬಾರದು, ನಿಧಾನಕ್ಕೆ ಮುಂದಕ್ಕೆ ಸರಿಸುತ್ತಾ ಹೋಗಬೇಕು. ಬಿಸಿಗೆ ಮೇಲಿನ ಪದರ ತಳದಿಂದ ಬಿಟ್ಟುಕೊಳ್ಳುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಸದ್ದು ಬದಲಾಗುತ್ತದೆ. 'ಗಟ್ಟಿ ಇದ್ರೆ ಟಣ್ ಅಂತದೆ, ಬಿಟ್ಟಿದ್ರೆ ಡಬ್ ಅಂತದೆ. ಕಿವಿ ಬೇಕು ಕಣ್ರಪ್ಪಾ ಈ ಕೆಲ್ಸಕ್ಕೆ, ಬರೀ ರಟ್ಟೆ ಅಲ್ಲ.' ಪದರ ಬಿಟ್ಟ ಮೇಲೆ ಉಳಿ ಹಿಡಿದು ಗೆರೆಯ ಉದ್ದಕ್ಕೂ ಗೇಣಿಗೊಂದರಂತೆ ಗುಳಿ ಹೊಡೆಯುವುದು, ಗುಳಿಗೆ ಕಬ್ಬಿಣದ ಬೆಣೆ ಕೂರಿಸುವುದು, ಸಮ್ಮಟಿಗೆಯಿಂದ ಈ ತುದಿಯಿಂದ ಆ ತುದಿಗೆ ಒಂದೊಂದೇ ಪೆಟ್ಟು. ಒಂದೇ ಬೆಣೆಗೆ ಜೋರು ಹೊಡೆದರೆ ಕಲ್ಲು ಅಡ್ಡ ಸೀಳುತ್ತದೆ, ಇಡೀ ದಿನದ ಕೂಲಿ ಹೋಯಿತು. ಎಲ್ಲಕ್ಕೂ ಸಮ ಪೆಟ್ಟು ಬಿದ್ದರೆ ಕಲ್ಲು ತಾನೇ ಗೆರೆ ಹಿಡಿದು ಬಿಚ್ಚಿಕೊಳ್ಳುತ್ತದೆ. ಉಳಿ ಮೊಂಡಾಗುತ್ತದೆ, ಪಕ್ಕದಲ್ಲೇ ಕುಲುಮೆ, ದಿನಕ್ಕೆ ಎಷ್ಟೋ ಸಲ ಕಾಯಿಸಿ ಮೊನೆ ಮಾಡಬೇಕು. ಎಬ್ಬಿಸಿದ ಚಪ್ಪಡಿಯನ್ನು ಗಾಡಿಗೆ ಏರಿಸುವುದು ಇನ್ನೊಂದು ಯುದ್ಧ.

ತಾತ ಆಗ ಎಂಟೊಂಬತ್ತು ವರ್ಷದ ಹುಡುಗ. ಮಲ್ಲಸಂದ್ರದ ಬಂಡೆಯ ಪಕ್ಕ ಈಚಲು ಗರಿಯ ಗುಡಿಸಲಲ್ಲಿ ಇವರ ಸಂಸಾರ. ಅಪ್ಪ ಕಲ್ಲಿಗೆ, ಅವ್ವ ಚಕ್ಕೆ ಹೊರುವುದಕ್ಕೆ, ಇವನು ಕುಲುಮೆಯ ತಿದಿ ಒತ್ತುವುದಕ್ಕೆ. ಕಟ್ಟಡ ಮುಗಿದ ದಿನ ಏನಾಯಿತು ಅಂತ ಒಬ್ಬ ಹುಡುಗಿ ಕೇಳಿದಳು. 'ಏನೂ ಆಗ್ಲಿಲ್ಲ ಕಣವ್ವಾ. ಕೆಲ್ಸ ಮುಗೀತು, ಗುಡ್ಲು ಕಿತ್ಕಂಡ್ರು, ಬೇರೆ ಬಂಡೆಗೆ ಹೋದ್ರು.' ಅಪ್ಪ ಮುಗಿದ ಕಟ್ಟಡವನ್ನು ಒಂದು ಸಲವೂ ನೋಡಲಿಲ್ಲವಂತೆ. ಐವತ್ತು ತುಂಬುವ ಮೊದಲೇ ಕೆಮ್ಮಿ ಕೆಮ್ಮಿ ಸತ್ತ. ಕ್ಷಯ ಅಂದರು. ಕಲ್ಲಿನ ಧೂಳು ಎದೆಯಲ್ಲಿ ಕೂತು ಶ್ವಾಸಕೋಶವೇ ಕಲ್ಲಾಗುವ ಕಾಯಿಲೆಗೆ ಸಿಲಿಕೋಸಿಸ್ ಎಂಬ ಹೆಸರಿದೆ. ಕಲ್ಲುಕೆಲಸದವರಲ್ಲಿ ಅದನ್ನು ಕ್ಷಯ ಎಂದೇ ಬರೆದು ಕೈತೊಳೆದುಕೊಳ್ಳುವುದು ಇವತ್ತಿಗೂ ನಡೆದಿದೆ, ಏಕೆಂದರೆ ಕ್ಷಯಕ್ಕೆ ಮಾಲೀಕ ಪರಿಹಾರ ಕೊಡಬೇಕಾಗಿಲ್ಲ.

ಕಟ್ಟಡದ ಹೊಸ್ತಿಲ ಮೇಲೆ ಬರೆದಿದೆ: ಸರ್ಕಾರದ ಕೆಲಸ ದೇವರ ಕೆಲಸ. ನಮ್ಮ ಹುಡುಗನೊಬ್ಬ ಜೋರಾಗಿ ಓದಿದ. ಗೆಳೆಯರೇ, ಈ ಸಾಲಿನ ಮೇಲೆ ನಮ್ಮ ಜಗಳ ಇದೆ. ಬರೆಸಿದವರ ಮನಸ್ಸಿನಲ್ಲಿ ಒಳ್ಳೆಯದೇ ಇದ್ದಿರಬಹುದು, ಲಂಚ ತಿನ್ನಬೇಡಿ, ಭಯಭಕ್ತಿಯಿಂದ ಕೆಲಸ ಮಾಡಿ ಎಂದು. ನೆಹರೂ ಕೂಡ ಇದನ್ನು ದೇಶಕ್ಕೆ ಅರ್ಪಿಸಿದ ದೇಗುಲ ಎಂದರು ಅಂತ ಹೇಳುವುದುಂಟು. ಗೋಪುರ, ಮಂಟಪ, ಕಂಬ, ಕಳಸದ ಜಾಗದಲ್ಲಿ ನಾಲ್ಕು ಸಿಂಹ. ಮನೆ ಕಟ್ಟಿದ್ದೇ ಗುಡಿಯ ಹಾಗೆ. ಆದರೆ ಗುಡಿ ಅಂದಾಗ ಊರಿನವರಿಗೆ ಒಂದು ನೆನಪಾಗುತ್ತದೆ, ಕೇರಿಯವರಿಗೆ ಇನ್ನೊಂದು ನೆನಪಾಗುತ್ತದೆ. ಈ ನಾಡಿನ ಗುಡಿಗಳ ಕಲ್ಲು ಒಡೆದವರು ಯಾರು, ತೊಲೆ ಹೊತ್ತವರು ಯಾರು? ಕೆಲಸ ನಡೆಯುವಷ್ಟು ದಿನ ಅವರು ಗರ್ಭಗುಡಿಯ ಒಳಗೇ ನಿಂತಿರುತ್ತಾರೆ. ಅವರ ಬೆವರು ಆ ನೆಲದ ಮೇಲೆ ಬಿದ್ದಿರುತ್ತದೆ. ಪ್ರತಿಷ್ಠಾಪನೆಯ ದಿನ ಪುರೋಹಿತ ನೀರು ಚಿಮುಕಿಸುತ್ತಾನೆ, ಮಂತ್ರ ಹೇಳುತ್ತಾನೆ, ಮುಗಿಯಿತು. ನಿನ್ನೆ ಒಳಗಿದ್ದವನು ಇವತ್ತು ಅಂಗಳದಾಚೆ. 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಬಾಗಿಲಲ್ಲಿ ಬಾಬಾಸಾಹೇಬರು ಸತ್ಯಾಗ್ರಹ ಕೂತದ್ದು ದೇವರ ಮೇಲಿನ ಆಸೆಗಲ್ಲ. ನಾವೂ ಮನುಷ್ಯರೋ ಅಲ್ಲವೋ ಹೇಳಿ ಎನ್ನುವುದಕ್ಕೆ.

ಸರ್ಕಾರದ ಕೆಲಸ ದೇವರ ಕೆಲಸವಾದರೆ ಗುಮಾಸ್ತ ಪೂಜಾರಿಯಾಗುತ್ತಾನೆ, ಕಡತ ಮಂತ್ರವಾಗುತ್ತದೆ, ಅರ್ಜಿದಾರ ಭಕ್ತನಾಗುತ್ತಾನೆ. ಭಕ್ತ ಹಕ್ಕು ಕೇಳುವ ಹಾಗಿಲ್ಲ, ಕೈಮುಗಿದು ವರ ಕೇಳಬೇಕು. ಕಾಣಿಕೆಯನ್ನೂ ಹಾಕಬೇಕು. ಕೊಟ್ಟರೆ ದಯೆ, ಕೊಡದಿದ್ದರೆ ಹಣೆಬರಹ. ಸಂವಿಧಾನ ಹೇಳುವುದು ಇದನ್ನಲ್ಲ. ಸರ್ಕಾರದ ಕೆಲಸ ಮನುಷ್ಯರ ಕೆಲಸ. ಸಂಬಳಕ್ಕೆ ಮಾಡುವ, ತಪ್ಪಿದರೆ ಕೇಳಬಹುದಾದ, ಕೊಡದಿದ್ದರೆ ಕೊರಳಪಟ್ಟಿ ಹಿಡಿಯಬಹುದಾದ ಕೆಲಸ. ಆ ಪುಸ್ತಕ ಬರೆದವರ ಪ್ರತಿಮೆ ಇದೇ ಕಟ್ಟಡದ ಮುಂದೆ ನಿಂತಿದೆ. ಮುಂದಿನ ಬೀದಿಗೆ ಅವರ ಹೆಸರು, ನೆಲದಡಿಯ ಮೆಟ್ರೋ ನಿಲ್ದಾಣಕ್ಕೂ ಅವರ ಹೆಸರು. ಎಲ್ಲವೂ ಹೊರಗೆ!

ಇಲ್ಲಿ ನಿಂತು ಇನ್ನೊಬ್ಬರನ್ನು ನೆನೆಯದೆ ಹೋಗುವುದು ಕೃತಘ್ನತೆ. ಇದೇ ಸೌಧದಲ್ಲಿ ಕೂತು 1970ರ ದಶಕದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಅದು ಕಲ್ಲಿನಲ್ಲಿ ಕಟ್ಟದ ಸೌಧ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂದರು, ನಾಡೆಲ್ಲ ಹೊತ್ತಿಕೊಂಡಿತು, ನಮ್ಮ ಹಾಸ್ಟೆಲ್ ಹುಡುಗರು ಏಟು ತಿಂದರು, ಅವರ ಮಂತ್ರಿಗಿರಿ ಹೋಯಿತು. ಆ ಬೆಂಕಿಯಲ್ಲೇ ನಮ್ಮ ಚಳವಳಿ ಕಣ್ಣುಬಿಟ್ಟದ್ದು. ಪ್ರವಾಸದ ಕತೆಯಲ್ಲಿ ಗಂಧದ ಬಾಗಿಲು ಬರುತ್ತದೆ, ಆ ಬುಟ್ಟಿ ನಿಂತ ದಿನ ಬರುವುದಿಲ್ಲ. ಯಾವುದು ದೊಡ್ಡ ಶಿಲ್ಪ, ನೀವೇ ಹೇಳಿ.

ಸೌಂದರ್ಯದಲ್ಲಿ ಜಾತಿ ಯಾಕ್ ತರ್ತೀರಿ, ಚೆನ್ನಾಗಿದೆಯೋ ಇಲ್ವೋ ಅಷ್ಟು ನೋಡಿ ಎನ್ನುವ ಸಜ್ಜನರಿದ್ದಾರೆ. ಚೆನ್ನಾಗಿದೆ ಸ್ವಾಮಿ. ನಮಗಿಂತ ಚೆನ್ನಾಗಿ ನೋಡಿದವರು ಆ ದಿನ ಅಲ್ಲಿ ಯಾರೂ ಇರಲಿಲ್ಲ. ಎರಡು ಕಲ್ಲಿನ ಸಂದಿಗೆ ತಾತ ಉಗುರು ಹಾಕಿ ನೋಡಿದ, ಉಗುರು ಹೋಗಲಿಲ್ಲ, ಅವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಯಂತ್ರವಿಲ್ಲದ ಕಾಲದಲ್ಲಿ ಕೈಯಲ್ಲಿ ಮಾಡಿದ ಕೂಡುಗೆರೆ. ಆ ಗೆರೆಯನ್ನು ಕಾಣದೆ ಬರೀ ಗುಮ್ಮಟ ನೋಡಿ ಫೋಟೋ ಹೊಡೆದುಕೊಂಡು ಹೋಗುವವನೇ ಕುರುಡ. ಜಾತಿಯನ್ನು ನಾವು ತಂದದ್ದಲ್ಲ, ಕಟ್ಟಿದವನ ಹೆಸರನ್ನು ಒರೆಸಿದಾಗಲೇ ಅದು ಬಂದು ಕೂತಿದೆ.

ಕಟ್ಟಡದ ಮೇಲಿನ ಪ್ರೀತಿಯ ಮಾತಿಗೆ ಇನ್ನೊಂದು ಸೇರಿಸುತ್ತೇವೆ. ಎದುರಿನ ಅಠಾರಾ ಕಚೇರಿಯನ್ನು 1980ರ ದಶಕದಲ್ಲಿ ಕೆಡವಿ ಹೊಸದು ಕಟ್ಟುವ ಯೋಚನೆ ಸರ್ಕಾರಕ್ಕಿತ್ತು. ನಗರದ ದೊಡ್ಡವರು ಎದ್ದು ನಿಂತರು, ಕೋರ್ಟಿಗೆ ಹೋದರು, ಕಟ್ಟಡ ಇವತ್ತಿಗೂ ಇದೆ. ಒಳ್ಳೆಯದಾಯಿತು. 2013ರ ಜನವರಿಯಲ್ಲಿ ಇದೇ ನಗರದ ಈಜೀಪುರದಲ್ಲಿ ಬಡವರ ವಸತಿಯ ನೂರಾರು ಗುಡಿಸಲುಗಳ ಮೇಲೆ ಬುಲ್ಡೋಜರು ಹರಿಯಿತು, ಚಳಿಯಲ್ಲಿ ಮಕ್ಕಳು ಬೀದಿಯಲ್ಲಿ ಮಲಗಿದರು. ಆಗಲೂ ಕೆಲವರು ಬಂದರು, ಕೂಗಿದರು. ಆದರೆ ಪರಂಪರೆ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಕೆಂಪು ಗೋಡೆಗೆ ಪರಂಪರೆ ಉಂಟು, ಮನುಷ್ಯರ ಮನೆಗೆ ಇಲ್ಲ.

ಸಂಜೆ ಮೆಜೆಸ್ಟಿಕ್ಕಿಗೆ ಹೋಗುವ ದಾರಿಯಲ್ಲಿ ಫ್ರೀಡಂ ಪಾರ್ಕಿಗೆ ಇಳಿದೆವು. ಪ್ರವಾಸಿಗಳ ಪಟ್ಟಿಯಲ್ಲಿ ಇದೂ ಇರುತ್ತದೆ. ಹತ್ತೊಂಬತ್ತನೇ ಶತಮಾನದಿಂದ ಬೆಂಗಳೂರಿನ ಸೆಂಟ್ರಲ್ ಜೈಲು ಇದ್ದದ್ದು ಇಲ್ಲೇ. ವಿಧಾನಸೌಧದ ಕೆಲಸಕ್ಕೆ ಕೈದಿಗಳನ್ನು ಹಚ್ಚಿದ ಆ ಐದು ವರ್ಷವೂ ಈ ನಗರದ ಜೈಲು ಇದೇ. ತುರ್ತು ಪರಿಸ್ಥಿತಿಯಲ್ಲಿ ದೊಡ್ಡ ದೊಡ್ಡ ನಾಯಕರನ್ನು ಇಲ್ಲೇ ಕೂಡಿಹಾಕಿದ್ದರು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಇದು ಉದ್ಯಾನವಾಯಿತು. ಕಾವಲು ಗೋಪುರ, ಕೋಣೆಗಳ ಸಾಲು, ದಪ್ಪ ಗೋಡೆ ಉಳಿಸಿಕೊಂಡಿದ್ದಾರೆ.

ಈ ಜೈಲಿನಂಗಳದಲ್ಲೇ ಈಗ ನಾಡಿನ ಜನ ತಮ್ಮ ಕಷ್ಟ ಹೇಳಿಕೊಳ್ಳಬೇಕು. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿ, ಮುಷ್ಕರ, ಮೆರವಣಿಗೆ ಏನಿದ್ದರೂ ಇಲ್ಲಿಯೇ. ಒಂದು ಕಾಲದಲ್ಲಿ 1935ರ ಪುರಭವನದ ಮೆಟ್ಟಿಲುಗಳ ಮೇಲೆ ನಮ್ಮ ತಮಟೆ ಕೇಳದ ತಿಂಗಳಿರಲಿಲ್ಲ. ಆ ಮೆಟ್ಟಿಲು ಈಗ ಫೋಟೋಕ್ಕೆ. ವಿಧಾನಸೌಧದ ಮುಂದೆ ಪೂರ್ವಕ್ಕೆ ನಲವತ್ತಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಒಂದೊಂದೂ 200 ಅಡಿ ಅಗಲ. ಸಾವಿರ ಜನ ಒಟ್ಟಿಗೆ ಹತ್ತಲಿ ಅಂತಲೇ ಕಟ್ಟಿದ ಹಾಗಿದೆ. ಅಧಿವೇಶನ ನಡೆಯುವಾಗ ಅದರ ಸುತ್ತ ಎರಡು ಕಿಲೋಮೀಟರು ನಿಷೇಧಾಜ್ಞೆ. ಕಾರಣ ಕೇಳಿದರೆ ವಾಹನ ಸಂಚಾರಕ್ಕೆ ತೊಂದರೆ ಎನ್ನುತ್ತಾರೆ. ಆಸ್ಪತ್ರೆಗೆ ಹೋಗುವವರಿಗೆ ತೊಂದರೆಯಾಗಬಾರದು, ಅದನ್ನು ನಾವು ಒಪ್ಪುತ್ತೇವೆ. ಹಾಗಾದರೆ ಮಂತ್ರಿಯ ಬೆಂಗಾವಲು ಹೋಗುವಾಗ ಕಾಲು ಗಂಟೆ ರಸ್ತೆ ಕಟ್ಟುತ್ತಾರಲ್ಲ, ಆಗ ಆಸ್ಪತ್ರೆಗೆ ಯಾರೂ ಹೋಗುತ್ತಿರುವುದಿಲ್ಲವೋ?

ಲೆಕ್ಕ ನೋಡಿ. ಕೈದಿ ಜೈಲಿನಿಂದ ಹೊರಟು ಸೌಧ ಕಟ್ಟಿದ. ಕಟ್ಟಿದವನ ಮೊಮ್ಮಗ ಅರ್ಜಿ ಹಿಡಿದು ಸೌಧಕ್ಕೆ ಹೊರಟರೆ ಅವನನ್ನು ತಂದು ಅದೇ ಜೈಲಿನಂಗಳಕ್ಕೆ ಬಿಡುತ್ತಾರೆ. ಅರ್ಜಿ ಬಿಟ್ಟು ಐವತ್ತು ರೂಪಾಯಿ ಹಿಡಿದು ಬಂದರೆ ನಗುನಗುತ್ತಾ ಒಳಗೆ ಕರೆದುಕೊಂಡು ಹೋಗುತ್ತಾರೆ. ನೋಡು, ಆದರೆ ಕೇಳಬೇಡ. ಹುಡುಗರೇ, ನಿಮ್ಮ ಆರೋಪಕ್ಕೆ ಉತ್ತರ ಇದು. ನಾವು ಪ್ರವಾಸ ಹೋದದ್ದಕ್ಕೇ ಈ ಲೆಕ್ಕ ನಮಗೆ ಸಿಕ್ಕಿತು. ಧರಣಿಗೆಂದು ಹೋದಾಗ ನಾವು ಬ್ಯಾರಿಕೇಡು ಮಾತ್ರ ನೋಡಿಕೊಂಡು ಬಂದಿದ್ದೆವು.

ಆ ದಿನ ಪಾರ್ಕಿನಲ್ಲಿ ಒಂದು ಶಾಮಿಯಾನದ ಕೆಳಗೆ ಗುತ್ತಿಗೆ ಕೆಲಸದ ಹೆಂಗಸರು ಕೂತಿದ್ದರು, ಮೂರನೆಯ ದಿನವಂತೆ. ನಮ್ಮ ಅಂಗನವಾಡಿ ಅಕ್ಕ ಹೋಗಿ ಅವರ ಪಕ್ಕ ಕೂತಳು, ಅವಳಿಗೆ ಆ ಜಾಗ ಹೊಸದಲ್ಲ. ಪೌರಕಾರ್ಮಿಕರ ಸ್ಥಿತಿಯ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲೇ ವರದಿ ಕೊಟ್ಟು, 500 ಜನಕ್ಕೆ ಒಬ್ಬರಂತೆ ಕಾಯಂ ಕೆಲಸಗಾರರಿರಲಿ ಎಂದಿತ್ತು. ಆಮೇಲೆ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಈ ನಗರ ಗುಡಿಸಿದ್ದು ಬಹುಪಾಲು ಗುತ್ತಿಗೆಯವರೇ. ಪೊರಕೆ ಹಿಡಿದವರು ಮತ್ತೆ ಮತ್ತೆ ಬೀದಿಗಿಳಿದು ಕೂತ ಮೇಲೆ 2025ರ ಮೇ 1ರಂದು ಬೆಂಗಳೂರಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ಪತ್ರ ಸಿಕ್ಕಿತು. ಕೂತಿದ್ದಕ್ಕೆ ಸಿಕ್ಕಿತು, ಕೈಮುಗಿದದ್ದಕ್ಕಲ್ಲ.

ಇನ್ನು ನಮ್ಮ ಬೇಡಿಕೆ. ಏನನ್ನೂ ಕೆಡವಿ ಎಂದು ನಾವು ಕೇಳುವುದಿಲ್ಲ, ನಮ್ಮವರ ಕೆಲಸವನ್ನು ನಾವೇ ಯಾಕೆ ಕೆಡವೋಣ? ವಿಧಾನಸೌಧದ ಮುಂದೆ ಒಂದು ಕಲ್ಲು ನೆಡಿ. ಹೊಸ ಪ್ರತಿಮೆ ಬೇಡ, ಕುದುರೆ ಬೇಡ, ಬರೀ ಕಲ್ಲು. ಕಟ್ಟಿದವರ ಹೆಸರು ಸಿಕ್ಕಷ್ಟು ಕೆತ್ತಿ. ಜೈಲಿನ ದಫ್ತರ, ಲೋಕೋಪಯೋಗಿ ಇಲಾಖೆಯ ಕೂಲಿ ಪಟ್ಟಿ ಹುಡುಕಲು ನಾಲ್ಕು ಜನ ಸಂಶೋಧನಾ ವಿದ್ಯಾರ್ಥಿಗಳನ್ನು ಹಚ್ಚಿ. ಪ್ರವಾಸದ ಕತೆಯಲ್ಲಿ ಬೆಂಕಿ, ಬೆಣೆ, ಕುಲುಮೆ ಬರಲಿ. ಮತ್ತೆ ಆ ಮೆಟ್ಟಿಲುಗಳನ್ನು ವರ್ಷಕ್ಕೆ ಕೆಲವು ದಿನವಾದರೂ ಅರ್ಜಿದಾರರಿಗೆ ಬಿಡಿ, ಟಿಕೆಟ್ಟಿಲ್ಲದೆ.

ಸರ್ಕಾರ ಮಾಡುವವರೆಗೂ ಕಾಯುತ್ತಾ ಕೂರುವ ಅಗತ್ಯ ನಮಗಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ತಾತ ಅಪ್ಪನ ಜೊತೆ ಮಲ್ಲಸಂದ್ರದ ಬಂಡೆಯಲ್ಲಿದ್ದವರನ್ನು ನೆನಪು ಮಾಡಿಕೊಂಡ. ಒಂದು ಹುಡುಗಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ಹನ್ನೊಂದು ಹೆಸರು, ಅದರಲ್ಲಿ ನಾಲ್ಕು ಹೆಂಗಸರದ್ದು. ಒಬ್ಬನ ಹೆಸರು ತಾತನಿಗೆ ಬರಲಿಲ್ಲ, 'ಎಡಗೈಯಲ್ಲಿ ಸುತ್ತಿಗೆ ಹಿಡೀತಿದ್ದ, ಚೆನ್ನಾಗಿ ಪದ ಹೇಳ್ತಿದ್ದ' ಅಂತ ಬರೆಸಿದ. ಅವರ ಮನೆಗಳವರನ್ನು ಹುಡುಕುತ್ತಿದ್ದೇವೆ, ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಮಲ್ಲಸಂದ್ರ, ಹೆಸರಘಟ್ಟ, ಮಾಗಡಿ, ತುರುವೇಕೆರೆ ಸೀಮೆಯ ಮೇಷ್ಟ್ರುಗಳು, ಮೇಡಮ್ಮುಗಳು ತಮ್ಮ ಶಾಲೆಯ ಮಕ್ಕಳಿಗೆ ಮನೆಯ ಮುದುಕರನ್ನು ಕೇಳಿಕೊಂಡು ಬರಲು ಹೇಳಲಿ. ಮುದುಕರು ಕಾಯುವುದಿಲ್ಲ, ಬೇಗ ಕೇಳಲಿ. ಹೆಸರು, ಊರು, ಯಾವ ಕೆಲಸ, ಕೂಲಿ ಎಷ್ಟಿತ್ತು, ಇಷ್ಟು ಸಾಕು. ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಹಾಕಿ. ಅಕ್ಷರ ತಪ್ಪಿದ್ದರೂ ಪರವಾಗಿಲ್ಲ, ನಾವು ತಿದ್ದುವುದಿಲ್ಲ.